ಆರಿಂಚಿನ ಕನ್ನಡಿ, ಐದು ಮಿಲಿಮೀಟರ್ ತಲೆನೋವು

ಅಂತೂ ಅಂಚು ದಾರಿಗೆ ಬಂತು. ಪೂರ್ತಿ ಅಲ್ಲ, ಅರ್ಧಕ್ಕಿಂತ ಜಾಸ್ತಿ. ಟೆಲಿಸ್ಕೋಪಿಗೆ ಕನ್ನಡಿ ಉಜ್ಜಿದವರಿಗೆ ಇಷ್ಟು ಹೇಳಿದರೆ ಸಾಕು, ನನ್ನ ಮಳೆಗಾಲ ಹೇಗೆ ಕಳೆಯಿತು ಅಂತ ಗೊತ್ತಾಗುತ್ತದೆ.

ಗ್ರಿಟ್, ಅಂದರೆ ಗಾಜು ಸವೆಸುವ ಒರಟು ಪುಡಿಯ ಪುರಾಣ ಬಿಡುತ್ತೇನೆ. 150 ಮಿಮೀ ವ್ಯಾಸ, ಎಫ್ 8 (ಫೋಕಸ್ ದೂರ ವ್ಯಾಸದ ಎಂಟು ಪಟ್ಟು), ದಪ್ಪ ಮಾಮೂಲಿ ಗಾಜು. ಆ ಹಂತದಲ್ಲಿ ತಲೆಬಿಸಿ ಇಲ್ಲ, ಯಾಕೆಂದರೆ ಎಷ್ಟಾಯಿತು ಅಂತ ಅಳೆಯಬಹುದು. ನಡುವಿನ ಗುಂಡಿ ಸುಮಾರು 1.17 ಮಿಮೀ ಆಗಬೇಕು. ಬಂದರಿನ ಹಾರ್ಡ್‌ವೇರ್ ಅಂಗಡಿಯಿಂದ 1.2 ಮಿಮೀ ಡ್ರಿಲ್ ಬಿಟ್ ತಂದೆ. ಕನ್ನಡಿಗೆ ಅಡ್ಡ ಸ್ಟೀಲ್ ಸ್ಕೇಲ್ ಇಟ್ಟು, ನಡುವೆ ಬಿಟ್ಟಿನ ಬಾಲ ತೂರುತ್ತದಾ ನೋಡುವುದು. ತೂರಲಿಲ್ಲವಾ, ಮತ್ತೆ ಉಜ್ಜು.

ಪಾಲಿಶ್‌ಗೆ ಬಂದ ಮೇಲೆ ಈ ಸುಖ ಇಲ್ಲ. ಎಲ್ಲರೂ ಹೇಳುವುದು ಗಂಟೆ ಲೆಕ್ಕ. ಇಷ್ಟು ಗಂಟೆ ಸೀರಿಯಂ ಆಕ್ಸೈಡ್ ಹಾಕಿ ಉಜ್ಜಿ, ಹೊಳಪು ಬರುತ್ತದೆ. ಹೊಳಪೇನೋ ಬಂತು. ಫೋಕೋ ಪರೀಕ್ಷೆಗೆ (ಕನ್ನಡಿಯಿಂದ ಮರಳಿದ ಬೆಳಕಿಗೆ ಬ್ಲೇಡ್ ಅಡ್ಡ ಹಿಡಿದು ನೆರಳು ನೋಡುವುದು) ಇಟ್ಟಾಗ ಗೊತ್ತಾಯಿತು, ಹೊರಗಿನ 5 ಮಿಮೀ ಸುತ್ತಲೂ ಜಾರಿ ಕೆಳಗೆ ಹೋಗಿದೆ. ಬ್ಲೇಡ್ ಅಡ್ಡ ತಂದಾಗ ಒಳ್ಳೆಯ ಅಂಚಿನಲ್ಲಿ ಎರಡೂ ಬದಿ ಕೂದಲೆಳೆಯಷ್ಟು ಬೆಳಕಿನ ಗೆರೆ ಕಾಣಬೇಕಲ್ವಾ? ನನ್ನದರಲ್ಲಿ ಒಂದೇ ಬದಿ.

ಐದು ಮಿಲಿಮೀಟರ್ ತಾನೇ ಅನ್ನಬೇಡಿ. ಸುತ್ತಳತೆ ಹಿಡಿದು ಲೆಕ್ಕ ಹಾಕಿದರೆ ಕನ್ನಡಿಯ ಒಟ್ಟು ಜಾಗದ ಸುಮಾರು 13% ಅದು. ಚಂದ್ರನನ್ನು ನೋಡಲು ನಡೆಯುತ್ತದೆ. ಶನಿಯ ಉಂಗುರ ನೋಡುವಾಗ ಸುತ್ತ ಮಂಜು ಕಟ್ಟಿದ ಹಾಗೆ ಬೆಳಕು ಚೆಲ್ಲುತ್ತದೆ.

ಕಾರಣ ಪಿಚ್, ಅಂದರೆ ಪಾಲಿಶ್ ಮಾಡುವ ತಟ್ಟೆಗೆ ಹಾಕುವ ಟಾರಿನಂಥ ಅಂಟು. ಕೊರಿಯರ್‌ನಲ್ಲಿ ತರಿಸಿದ ಡಬ್ಬಿಯ ಮೇಲೆ 'ಮೀಡಿಯಂ' ಅಂತ ಬರೆದಿತ್ತು. ಯಾವ ಊರಿನ ಮೀಡಿಯಂ ಮಾರಾಯ್ರೇ? ಮಂಗಳೂರಿನ ಸೆಕೆಗೆ ಅದು ಹಲ್ವ. ಉಗುರು ಒತ್ತಿದರೆ ಸೀದಾ ಒಳಗೆ ಹೋಗುತ್ತಿತ್ತು. ಆ ತಟ್ಟೆ, ಅಂದರೆ ಲ್ಯಾಪ್, ಮೆತ್ತಗಿದ್ದರೆ ಕನ್ನಡಿ ಅದರಲ್ಲಿ ಹೂತು ಅಂಚನ್ನು ತಿನ್ನುತ್ತದೆ. ಅಂಗಡಿಯವರಿಗೆ ಫೋನ್ ಮಾಡಿದರೆ 'ಫ್ರಿಜ್‌ನಲ್ಲಿಡಿ ಸಾರ್' ಎಂಬ ಉತ್ತರ. ಫ್ರಿಜ್ಜಿನೊಳಗೆ ಕೂತು ಉಜ್ಜಬೇಕಾ?

ಗಟ್ಟಿ ಮಾಡಲು ರಾಳ ಬೇಕು. ರಥಬೀದಿಯ ಗ್ರಂಥಿಗೆ ಅಂಗಡಿಯಲ್ಲಿ ಕೇಳಿದೆ. 'ಆಟಕ್ಕಾ, ಕೋಲಕ್ಕಾ?' ಅಂದರು, ಯಕ್ಷಗಾನಕ್ಕೂ ಭೂತಕೋಲಕ್ಕೂ ರಾಳ ಬೇಕಲ್ಲ. ಕನ್ನಡಿಗೆ ಅಂದಾಗ ಪೊಟ್ಟಣ ಕಟ್ಟುವ ಕೈ ನಿಂತಿತು. ಪಿಚ್ ಕರಗಿಸಿದ್ದು ಹೊರಗಿನ ಜಗಲಿಯಲ್ಲಿ, ಎಲೆಕ್ಟ್ರಿಕ್ ಒಲೆ ಮೇಲೆ, ಹಳೇ ಪಾತ್ರೆಯಲ್ಲಿ. ಅಡುಗೆಮನೆಗೆ ತಂದರೆ ಪಿಚ್ ಜೊತೆ ನಿನ್ನನ್ನೂ ಹೊರಗೆ ಹಾಕುತ್ತೇನೆ ಅಂತ ಅಮ್ಮ ಮೊದಲೇ ಹೇಳಿದ್ದರು. ಸ್ವಲ್ಪ ರಾಳ, ತಣ್ಣೀರಿನಲ್ಲಿ ಒಂದು ಹನಿ, ಉಗುರು. ಮತ್ತೆ ಸ್ವಲ್ಪ ರಾಳ.

ಇದರ ಜೊತೆ ಕೆಲಸದ ಲೆಕ್ಕ ಬರೆಯುವ ಹಾಳೆಯನ್ನೂ ಬದಲಾಯಿಸಿದೆ. ಗಂಟೆಯ ಕಾಲಂ ಹೊಡೆದು ಹಾಕಿದೆ. ಈಗ ಒಂದು ಸಾಲು ಅಂದರೆ 15 ನಿಮಿಷದ ಉಜ್ಜುವಿಕೆ, ಅಷ್ಟೇ. ಕೋಣೆಯ ಉಷ್ಣತೆ, ಯಾವ ಪಾಕದ ಪಿಚ್, ಸ್ಟ್ರೋಕ್ (ಉಜ್ಜುವಾಗಿನ ಒಂದು ಎಳೆತ) ಎಷ್ಟು ಉದ್ದ, ಕೊನೆಗೆ ಪೆನ್ಸಿಲ್‌ನಲ್ಲಿ ಒಂದು ವೃತ್ತ ಬರೆದು ನೆರಳು ಎಲ್ಲಿ ಬಿತ್ತು ಅಂತ ಗುರುತು. ಒಂದು ಸಾಲಿನಲ್ಲಿ ಒಂದೇ ಸಂಗತಿ ಬದಲಾಗಬೇಕು. ಪಿಚ್ ಬದಲಾಯಿಸಿದ ದಿನ ಸ್ಟ್ರೋಕ್ ಮುಟ್ಟುವ ಹಾಗಿಲ್ಲ. 'ಕನ್ನಡಿ ಮುಗಿಸು' ಅಂತ ಗೋಡೆಗೆ ಅಂಟಿಸಿದ್ದ ಚೀಟಿಯ ಜಾಗದಲ್ಲಿ ಈಗ 'ಬಲಗಡೆ ಗೆರೆ ಕಾಣಿಸು' ಅಂತಿದೆ. ಇದನ್ನು ಒಂದು ಸಂಜೆಯಲ್ಲಿ ಆಯಿತು ಅಥವಾ ಇಲ್ಲ ಅನ್ನಬಹುದು.

ಎರಡು ಪರೀಕ್ಷೆಗಳ ನಡುವೆ ಗಾಜು ತಣಿಯಲು ಕಾಯುವುದೂ ಒಂದು ಹಂತ, ಅದಕ್ಕೂ ಸಾಲು ಬೇಕು. ನಂಬಿಕೆ ಇಲ್ಲದವರು ಕನ್ನಡಿ ಮೇಲೆ ಒಂದು ನಿಮಿಷ ಬೆರಳಿಟ್ಟು ಆಮೇಲೆ ಬ್ಲೇಡ್ ಹತ್ತಿರ ಕಣ್ಣಿಡಿ. ಬೆರಳಿದ್ದ ಕಡೆ ಗುಡ್ಡ ಎದ್ದಿರುತ್ತದೆ, ನೋಡುತ್ತಿದ್ದಂತೆ ನಿಧಾನಕ್ಕೆ ಇಳಿಯುತ್ತದೆ. ಬಿಸಿ ಗಾಜಿನ ಮೇಲೆ ನೋಡಿದ ನೆರಳು ಹಾಳೆಗೆ ಹೋದರೆ ಮುಂದಿನ ಸಾಲುಗಳೆಲ್ಲ ಸುಳ್ಳು.

ಗಟ್ಟಿ ಪಿಚ್, ಸ್ಟ್ರೋಕ್ ವ್ಯಾಸದ ಐದನೇ ಒಂದು ಭಾಗ. ಸಾಲು ಸಾಲಾಗಿ ಪೆನ್ಸಿಲ್ ನೆರಳು ಹೊರಕ್ಕೆ ಸರಿಯಿತು. ಈಗ ಉಳಿದಿರುವುದು 2 ಮಿಮೀ, ಅಂದರೆ 5% ಜಾಗ. ಚೌತಿಯವರೆಗೆ ನೋಡುತ್ತೇನೆ. ಹೋಗದಿದ್ದರೆ ಅಂಚಿಗೆ ಕಪ್ಪು ಬಣ್ಣ ಬಳಿದು 146 ಮಿಮೀ ಕನ್ನಡಿ ಅಂತ ಬರೆದುಕೊಳ್ಳುವುದು. ಎಫ್ 8ಕ್ಕೆ ಗೋಳಾಕಾರ ಬಂದರೂ ನಡೆಯುತ್ತದೆ, ಇಂಥ ಕನ್ನಡಿಗೆ ಸರಿಯಾದ ಆಕಾರವಾದ ಪ್ಯಾರಾಬೋಲದ ಹಠ ನನಗಿಲ್ಲ.

ಕಾಯುವ ಹೊತ್ತಿನಲ್ಲಿ ತಲೆ ಬೇರೆ ಕಡೆ ಹೋಗಿದೆ. ತಾರಸಿಗೆ ಒಂದು ಸೂರ್ಯ ಗಡಿಯಾರ ಮಾಡಬೇಕು. ನಮ್ಮ ಅಕ್ಷಾಂಶ ಹೆಚ್ಚು ಕಮ್ಮಿ 13 ಡಿಗ್ರಿ, ಮುಳ್ಳಿನ ಓರೆಯೂ ಅಷ್ಟೇ ಇರಬೇಕು, ಹಾಗಾಗಿ ಅದು ಬಹುತೇಕ ಮಲಗಿಯೇ ಇರುತ್ತದೆ, ತುಳಿದು ಮುರಿಯುವುದು ಖಂಡಿತ. ಮಂಗಳೂರಿನ ಸೂರ್ಯ ಗೋಡೆ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ ಬೇರೆ, ಯಾಕೆಂದರೆ ಭಾರತದ ಗಡಿಯಾರಕ್ಕೆಲ್ಲ ಆಧಾರವಾದ 82.5 ಡಿಗ್ರಿ ರೇಖಾಂಶದಿಂದ ನಾವು ಅಷ್ಟು ಪಶ್ಚಿಮಕ್ಕಿದ್ದೇವೆ. ಆಫೀಸಿಗೆ ತಡವಾದರೆ ಹೇಳಲು ಒಂದು ಕಾರಣ ಸಿಕ್ಕಿತು. ಅದಕ್ಕೂ ಒಂದು ಹಾಳೆ ತೆರೆದಿದ್ದೇನೆ, ಸದ್ಯಕ್ಕೆ ಮೊದಲ ಸಾಲು: 'ಉತ್ತರ ಯಾವ ಕಡೆ, ದಿಕ್ಸೂಚಿ ಇಲ್ಲದೆ ಗುರುತು ಮಾಡು'.

ಕನ್ನಡಿಗೆ ಮುಂದಿನ ಸಾಲು ಅಲ್ಯೂಮಿನಿಯಂ ಕೋಟಿಂಗ್. ಕಡಲ ಗಾಳಿಯ ಉಪ್ಪಿಗೆ ಅದು ಎಷ್ಟು ವರ್ಷ ತಾಳುತ್ತದೆ? ಮಲ್ಪೆ, ಸುರತ್ಕಲ್ ಕಡೆ ಟೆಲಿಸ್ಕೋಪ್ ಇಟ್ಟುಕೊಂಡವರು ದಯವಿಟ್ಟು ಹೇಳಿ, ಮೇಲಿನ ರಕ್ಷಣಾ ಪದರಕ್ಕೆ ಜಾಸ್ತಿ ದುಡ್ಡು ಕೊಡಬೇಕಾ ಬೇಡವಾ ಅಂತ ನಿರ್ಧಾರ ಮಾಡಬೇಕು.