ಆನೆಯ ಮೈ ಹಾಳೆಯ ಹಿಂದೆ

ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ನಮ್ಮ ನಲಿ-ಕಲಿ ಕೋಣೆಗೆ ಸ್ಮಾರ್ಟ್ ಟಿವಿ ಬಂದಾಗ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವಳು ನಾನೇ. ನನಗೆ ಚಿತ್ರ ಅಷ್ಟಾಗಿ ಬರಲ್ಲ. ಬೋರ್ಡಿನ ಮೇಲೆ ಆಕಳು ಬರೆದರೆ "ನಾಯಿ ಅಲ್ಲೇನ್ರೀ ಟೀಚರ್?" ಅಂತ ಕೇಳುವ ಮಕ್ಕಳಿವೆ. ಗಂಗಾವತಿ ಕಡೆಯ ಸಣ್ಣ ಹಳ್ಳಿ ಶಾಲೆ ನಮ್ಮದು. ಚಿತ್ರಕಲೆಗೆ ಬೇರೆ ಶಿಕ್ಷಕರಿಲ್ಲ. ಓದು, ಬರಹ, ಲೆಕ್ಕ, ಮೊಟ್ಟೆಯ ಲೆಕ್ಕ, ಚಿತ್ರ, ಎಲ್ಲವೂ ನಮ್ಮ ತಲೆ ಮೇಲೆಯೇ. ಯೂಟ್ಯೂಬ್‌ನಲ್ಲಿ ಮಕ್ಕಳಿಗೆ ಚಿತ್ರ ಕಲಿಸುವ ವಿಡಿಯೋಗಳಿಗೆ ಬರವಿಲ್ಲ. ಹಾಕಿದರಾಯ್ತು, ಅವು ನೋಡಿ ಬರೆಯುತ್ತವೆ, ಅಷ್ಟರಲ್ಲಿ ನಾನು ಯಾವ ಮಗು ಕಲಿಕಾ ಏಣಿಯ ಎಷ್ಟನೇ ಮೆಟ್ಟಿಲಲ್ಲಿದೆ ಅಂತ ಗುರುತಿಸುವ ಪ್ರಗತಿ ನೋಟ ತುಂಬಬಹುದು ಅಂತ ಲೆಕ್ಕ ಹಾಕಿದ್ದೆ.

ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಆ ತಿಂಗಳ ಕ್ಲಸ್ಟರ್ ಸಮಾಲೋಚನಾ ಸಭೆ ನಮ್ಮ ಶಾಲೆಯಲ್ಲೇ ಬಂತು. ಮಾದರಿ ಪಾಠ ಯಾರು ಮಾಡ್ತೀರಿ ಅಂದಾಗ ಎಲ್ಲರೂ ನೆಲ ನೋಡಿದರು. ಈ ಶಾಲೆಗಳ ಉಸ್ತುವಾರಿ ನೋಡುವ ಸಿಆರ್‌ಪಿ ಸರ್ ನನ್ನ ಕಡೆ ನೋಡಿ, "ಟೀಚರ್, ನಿಮ್ಮ ಕ್ಲಾಸಿನ್ಯಾಗ ಟಿವಿ ಐತಲ್ಲ, ಅದರ ಮ್ಯಾಲೇ ಒಂದು ಪಾಠ ಮಾಡಿಬಿಡ್ರಿ" ಅಂದರು. ನಾನು ಆನೆ ಆರಿಸಿಕೊಂಡೆ. ಹೊಳೆ ದಾಟಿದರೆ ಹಂಪಿ. ವಿರೂಪಾಕ್ಷ ಗುಡಿಯ ಲಕ್ಷ್ಮಿ ಆನೆಯನ್ನು ನಮ್ಮ ಮಕ್ಕಳೆಲ್ಲ ನೋಡಿವೆ. ವಿಡಿಯೋ ನಾಲ್ಕೇ ನಿಮಿಷದ್ದು. ದುಂಡಗಿನ, ನಗುವ, ತಿಳಿನೀಲಿ ಆನೆ. ಒಂದು ವೃತ್ತ, ಎರಡು ಕಿವಿ, ಸೊಂಡಿಲು, ಮೈ, ಕಾಲು, ಬಾಲ. ಹಿಂದಿನ ರಾತ್ರಿ ಎರಡು ಸಲ ನೋಡಿದ್ದೆ. ಮಲಗಿಕೊಂಡೇ ನೋಡಿದ್ದೆ, ಪೆನ್ಸಿಲ್ ಮುಟ್ಟಿರಲಿಲ್ಲ.

ಅಂದು ಬೆಳಿಗ್ಗೆ ನೋಡಿದರೆ ಟಿವಿಯ ರಿಮೋಟು ಹೆಡ್‌ಮಾಸ್ತರ ಬೀರುವಿನಲ್ಲಿ. ಬೀರುವಿನ ಕೀಲಿ ಅವರ ಜೇಬಿನಲ್ಲಿ. ಅವರು ಬಿಇಓ ಆಫೀಸಿನಲ್ಲಿ. ಮಕ್ಕಳು ಬಟನ್ ಒತ್ತಿ ಹಾಳು ಮಾಡ್ತಾವೆ ಅಂತ ಸುಮ್ನೆ ಒಳಗಿಟ್ಟು ಕಾಯುವ ರೂಢಿ ನಮ್ಮಲ್ಲಿ. ಕೊನೆಗೆ ನನ್ನ ಫೋನನ್ನೇ ಟಿವಿಗೆ ಜೋಡಿಸಿ ವಿಡಿಯೋ ಶುರು ಮಾಡಿದೆ. ಹಿಂದಿನ ಗೋಡೆಗೆ ಒತ್ತಿ ಕ್ಲಸ್ಟರಿನ ಶಿಕ್ಷಕರೆಲ್ಲ ಕುರ್ಚಿ ಹಾಕಿಕೊಂಡು ಕೂತಿದ್ದರು.

ಮೊದಲ ಅರ್ಧ ನಿಮಿಷ ಚೆನ್ನಾಗಿತ್ತು. ಮಕ್ಕಳು ನಾಲಿಗೆ ಹೊರಗೆ ಹಾಕಿ ವೃತ್ತ ಎಳೆಯುತ್ತಿದ್ದವು. ಆಮೇಲೆ ಮೂಲೆಯಿಂದ ಒಂದು ದನಿ: "ಟೀಚರ್ರೀ, ತಡೀರಿ, ಇನ್ನೂ ಕಿವಿ ಆಗಿಲ್ರಿ!" ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ವಿಡಿಯೋದವನ ಕೈ ಅಷ್ಟರಲ್ಲಿ ಸೊಂಡಿಲು ಮುಗಿಸಿ ಮೈಗೆ ಹೋಗಿತ್ತು. ನಿಲ್ಲಿಸೋಣ ಅಂತ ಫೋನ್ ಮುಟ್ಟಿದೆ. ಬೆರಳಿಗೆ ಚಾಕ್‌ಪೀಸ್ ಪುಡಿ, ಒತ್ತಿದ್ದು ತಗೊಳ್ಳಲಿಲ್ಲ. ಬೆರಳು ಒರೆಸಿಕೊಂಡು ಮತ್ತೆ ಒತ್ತುವ ಹೊತ್ತಿಗೆ ಆನೆಗೆ ನಾಲ್ಕು ಕಾಲೂ ಬಂದಿದ್ದವು. ಅದೇ ಗಳಿಗೆಗೆ ಟಿವಿಯ ನೆತ್ತಿಯ ಮೇಲೆ ವಾಟ್ಸ್ಆ್ಯಪ್ ಸಂದೇಶ ಇಳಿಯಿತು: "ಮೊಟ್ಟೆ ವಿತರಣೆ ಮಾಹಿತಿ ಇನ್ನೂ ಸಲ್ಲಿಸದ ಶಾಲೆಗಳು". ಮೊದಲ ಹೆಸರು ನಮ್ಮ ಶಾಲೆಯದು. ಕಳಿಸಿದವರು ಹಿಂದೆ ಕುರ್ಚಿಯಲ್ಲಿ ಕೂತಿದ್ದ ಸಿಆರ್‌ಪಿ ಸರ್. ಪಾಠ ನಡೆಯುವಾಗ ಅವರೂ ಸುಮ್ಮನೆ ಕೂತಿರಲಿಲ್ಲ ಅಂತ ಆಗ ಎಲ್ಲರಿಗೂ ಗೊತ್ತಾಯ್ತು. ಕುರ್ಚಿಗಳ ಕಡೆಯಿಂದ ಕಿಸಕ್ಕನೆ ನಗು.

ಇಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದೆ. ಕಷ್ಟ ಶುರುವಾಗಿದ್ದು ಹಾಳೆಗಳನ್ನು ನೋಡಿದಾಗ. ಒಂದರಲ್ಲೂ ಪೂರ್ತಿ ಆನೆ ಇಲ್ಲ. ಹಾಳೆ ತುಂಬ ಬರೀ ತಲೆ. ಕೆಲವರು ಉಳಿದ ಒಂದಿಷ್ಟು ಜಾಗದಲ್ಲಿ ಹೆಬ್ಬೆರಳಿನಷ್ಟು ಮೈ ಅಂಟಿಸಿದ್ದರು. ಒಬ್ಬಳು ತಲೆಯ ಮೇಲೆ ಮೈ ಇಟ್ಟಿದ್ದಳು. ಒಂದನೇ ತರಗತಿಯ ಒಬ್ಬ ಹುಡುಗನ ಹಾಳೆಯಲ್ಲಿ ಭಾರಿ ಗಾತ್ರದ ತಲೆ, ಸೊಂಡಿಲು, ಅಷ್ಟೇ. "ಮೈ ಎಲ್ಲಪ್ಪಾ?" ಅಂದೆ. ಅವನು ಹಾಳೆ ತಿರುಗಿಸಿ ತೋರಿಸಿದ. "ಹಿಂದ ಐತ್ರೀ ಟೀಚರ್." ಹಾಳೆಯ ಬೆನ್ನಿಗೆ ನೀಟಾಗಿ ಮೈ, ಕಾಲು, ಬಾಲ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಹಾಳೆ ಎತ್ತಿ ಹಿಂದಿದ್ದವರಿಗೆ ತೋರಿಸಿದೆ ಬೇರೆ. ಅವನು ಹಾಳೆ ಇಸ್ಕೊಂಡು ಮಡಚಿ, ಅದರ ಮೇಲೇ ಕೂತುಬಿಟ್ಟ. ಆಮೇಲೆ ಎಷ್ಟೋ ದಿನ ಚಿತ್ರದ ಹೊತ್ತಿಗೆ "ನಾ ಕಾರ್ಡ್ ಮಾಡ್ತೀನ್ರೀ ಟೀಚರ್" ಅಂತ ಕಲಿಕಾ ಕಾರ್ಡು ಮಾಡುವ ಗುಂಪಿನ ತಟ್ಟೆಯ ಕಡೆ ಸರಿಯುತ್ತಿದ್ದ. ಇವತ್ತಿಗೂ ಆ ನಗು ನೆನಪಾದರೆ ನನಗೆ ಕಸಿವಿಸಿ.

ಸಭೆಯಲ್ಲಿ ಹಿಮ್ಮಾಹಿತಿ ಏನು ಬಂತು ಗೊತ್ತಾ? "ಮಕ್ಕಳಲ್ಲಿ ಏಕಾಗ್ರತೆ ಕಡಿಮೆ." ನಾನೂ ಹೌದು ಅಂತ ತಲೆ ಆಡಿಸಿದೆ.

ಆ ವಾರದ ಭಾನುವಾರ ಮನೆಯಲ್ಲಿ ಹಾಳೆ, ಪೆನ್ಸಿಲ್ ಹಿಡಿದು ಅದೇ ವಿಡಿಯೋ ಹಾಕಿಕೊಂಡು ಕೂತೆ. ನನ್ನ ಆನೆಯ ಮೈಯೂ ಹಾಳೆಯಿಂದ ಆಚೆ ಹೋಯ್ತು! ಶುರುವಿನಲ್ಲಿ ಕ್ಯಾಮೆರಾ ತೀರಾ ಹತ್ತಿರ ಇರುತ್ತದೆ. ಪರದೆ ತುಂಬ ಒಂದೇ ವೃತ್ತ. ಹಾಳೆಯ ಅಂಚು ಕಾಣುವುದೇ ಇಲ್ಲ. ಮೈ ಬರೆಯುವಾಗ ಕ್ಯಾಮೆರಾ ಹಿಂದೆ ಸರಿಯುತ್ತದೆ. ಆಗ ಗೊತ್ತಾಗುತ್ತದೆ, ಅವನು ತಲೆಯನ್ನು ಹಾಳೆಯ ಎಡಗಡೆ ಮೂಲೆಯಲ್ಲಿ ಸಣ್ಣದಾಗಿ ಬರೆದಿದ್ದ ಅಂತ. ಮೈಗೆ ಎಷ್ಟು ಜಾಗ ಬೇಕು ಅಂತ ಅವನಿಗೆ ಮೊದಲೇ ಗೊತ್ತು. ಮಗುವಿಗೆ ಗೊತ್ತಾಗುವುದು ತಲೆ ಮುಗಿದ ಮೇಲೆ. ಇನ್ನು ಟಿವಿ ಅಡ್ಡ, ನಮ್ಮ ಮಕ್ಕಳು ಹಾಳೆ ಇಟ್ಟುಕೊಂಡಿದ್ದು ಉದ್ದ. ಕಿವಿಗೆ ಬಣ್ಣ ತುಂಬುವುದನ್ನು ವೇಗ ಹೆಚ್ಚಿಸಿ ನಾಲ್ಕು ಸೆಕೆಂಡಿನಲ್ಲಿ ಮುಗಿಸಿರುತ್ತಾರೆ. ಇದನ್ನು ನೋಡಿ ಬರೆಯದ ಮಗುವಿಗೆ ಏಕಾಗ್ರತೆ ಇಲ್ಲ ಅಂದೆವಲ್ಲ ನಾವು.

ಡಿಎಡ್‌ನಲ್ಲಿ ಓದಿ, ಪರೀಕ್ಷೆ ಬರೆದು, ಅಲ್ಲೇ ಬಿಟ್ಟು ಬಂದ ವಿಷಯಗಳು ಆಗ ಒಂದೊಂದೇ ನೆನಪಾದವು. ಮಗು ಸುಮಾರು ಮೂರು ವರ್ಷಕ್ಕೆ ವೃತ್ತ ನೋಡಿ ಬರೆಯುತ್ತದೆ. ಚೌಕಕ್ಕೆ ನಾಲ್ಕು-ಐದು ವರ್ಷ ಆಗಬೇಕು. ತ್ರಿಕೋನಕ್ಕೆ ಐದು ದಾಟಬೇಕು. ಗಾಳಿಪಟದ ಆಕಾರಕ್ಕೆ ಹೆಚ್ಚುಕಡಿಮೆ ಏಳು. ನಾವು ಬೈದರೂ ವಿಡಿಯೋ ಹಾಕಿದರೂ ಕೈ ಮಾಗದೆ ಅದು ಬರಲ್ಲ. ಕಲಾ ಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ಮಕ್ಕಳ ಚಿತ್ರದ ಹಂತಗಳನ್ನು ಬರೆದಿಟ್ಟಿದ್ದಾರೆ. ನಾಲ್ಕರಿಂದ ಏಳರ ಮಗುವಿನ ಹಾಳೆಯಲ್ಲಿ ಮನೆ, ಮರ, ಅವ್ವ ಎಲ್ಲ ತೇಲುತ್ತಿರುತ್ತವೆ. ಏಳರ ಆಸುಪಾಸಿನಲ್ಲಿ ಕೆಳಗೊಂದು ನೆಲದ ಗೆರೆ ಬರುತ್ತದೆ, ಎಲ್ಲ ಅದರ ಮೇಲೆ ಸಾಲಾಗಿ ನಿಲ್ಲುತ್ತವೆ. ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ ಕೂತಿರುತ್ತವೆ. ಅಂದರೆ ಆ ಗೆರೆಯ ಆಚೆಯವರು, ಈಚೆಯವರು ಒಂದೇ ಕೋಣೆಯಲ್ಲಿ. ಎಲ್ಲರಿಗೂ ಒಂದೇ ಆನೆ ಹಾಕಿದ್ದೆ ನಾನು. ಮಕ್ಕಳ ಚಿತ್ರಗಳನ್ನೇ ಅಧ್ಯಯನ ಮಾಡಿದ ಫ್ರಾನ್ಸಿನ ಲ್ಯೂಕೆ ಇನ್ನೂ ಮೊದಲೇ ಹೇಳಿದ್ದ, ಸಣ್ಣ ಮಕ್ಕಳು ಕಂಡದ್ದನ್ನಲ್ಲ, ಗೊತ್ತಿರುವುದನ್ನು ಬರೆಯುತ್ತವೆ ಅಂತ. ಆನೆಯ ಮೈ ತಲೆಯ ಹಿಂದೆ ಇರುತ್ತದೆ ಅಂತ ಆ ಹುಡುಗನಿಗೆ ಗೊತ್ತಿತ್ತು. ತಪ್ಪೇನಿತ್ತು ಅದರಲ್ಲಿ?

ಈಗಲೂ ವಿಡಿಯೋ ಹಾಕುತ್ತೇನೆ. ನನ್ನ ಆಕಳಿಗಿಂತ ವಿಡಿಯೋದ ಆಕಳು ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೆನ್ಸಿಲ್ ಕೊಡುವ ಮೊದಲು ಪೂರ್ತಿ ತೋರಿಸುತ್ತೇನೆ, ವೇಗ ತಗ್ಗಿಸಿ, ಸದ್ದು ಬಂದ್ ಮಾಡಿ. ನಿಧಾನದ ವೇಗದಲ್ಲಿ ಸದ್ದು ಬಿಟ್ಟರೆ ಮಾತು ಎಳೆದೆಳೆದು ಕೇಳಿ ಮಕ್ಕಳು ಬಿದ್ದು ಬಿದ್ದು ನಗುತ್ತವೆ, ಪಾಠ ಅಲ್ಲಿಗೆ ಮುಗಿಯಿತು. ಆಮೇಲೆ ಖಾಲಿ ಹಾಳೆಯ ಮೇಲೆ ಬೆರಳು ಆಡಿಸುವುದು: ತಲೆ ಎಲ್ಲಿ, ಬಾಲ ಎಲ್ಲಿ, ಕಾಲು ಎಲ್ಲಿಗೆ ಮುಟ್ಟುತ್ತದೆ. ಬೆರಳು ಹಾಳೆ ದಾಟಿದರೆ ಮತ್ತೆ ಶುರು. ಆಮೇಲೆ ಟಿವಿ ಬಂದ್. ಇದು ಮುಖ್ಯ. ಟಿವಿ ಹಚ್ಚಿಟ್ಟರೆ ಅವುಗಳ ಕಣ್ಣು ಹಾಳೆಗೆ ಬರುವುದೇ ಇಲ್ಲ. ಒಂದನೇ ತರಗತಿಯವರು ಮೊದಲು ಪಾಟಿ ಮೇಲೆ ಬರೆಯಲಿ, ಅಳಿಸಲಿ. ಹಾಳೆ ಅಂದರೂ ಆಫೀಸಿನ ಹಳೆ ನಮೂನೆಗಳ ಹಿಂಬದಿ. ಆನೆಯ ಹೊಟ್ಟೆಯಲ್ಲಿ ಹಾಜರಾತಿಯ ಅಂಕಣಗಳು ಕಾಣುತ್ತಿರುತ್ತವೆ.

ಹೀಗೆ ಮಾಡಿದಾಗ ಆನೆಗಳು ವಿಡಿಯೋದ ಥರ ಬರಲ್ಲ. ಒಂದಕ್ಕೆ ಸೊಂಡಿಲು ನೆಲ ಒರೆಸುವಷ್ಟು ಉದ್ದ. ಇನ್ನೊಂದರ ಸೊಂಡಿಲಲ್ಲಿ ಹತ್ತು ರೂಪಾಯಿ ನೋಟು, ಪಕ್ಕದಲ್ಲಿ ತಲೆ ಬಗ್ಗಿಸಿ ನಿಂತ ಅಜ್ಜಿ. ಮಡಚಿದ ಹಾಳೆಯ ಮೇಲೆ ಕೂತಿದ್ದ ಹುಡುಗನೂ ಬರೆಯುತ್ತಾನೆ. ನಾನು ಹತ್ತಿರ ಹೋದರೆ ಮಾತ್ರ ಕೈ ಅಡ್ಡ ಇಡುತ್ತಾನೆ. ಸಿಆರ್‌ಪಿ ಸರ್‌ಗೆ ಇದು ಸಮಾಧಾನವಿಲ್ಲ. "ಎಲ್ಲಾರೂ ಒಂದೇ ಥರ ಚಿತ್ರ ಹಿಡಕೊಂಡು ನಿಂತ ಒಂದು ಫೋಟೋ ಕಳಸ್ರಿ ಟೀಚರ್, ಮ್ಯಾಲೆ ತೋರಸಾಕ ಚಂದ ಇರತೈತಿ" ಅಂತಾರೆ. ಮೂರನೇ ತರಗತಿಯ ಕೆಲವರನ್ನು ನಿಲ್ಲಿಸಿ ತೆಗೆದು ಕಳಿಸುತ್ತೇನೆ. ಮೊಟ್ಟೆಯ ಮಾಹಿತಿಯನ್ನೂ ಈಗ ಸಮಯಕ್ಕೆ ಸರಿಯಾಗಿ ಕಳಿಸುತ್ತೇನೆ.

ಒಂದು ಸಮಸ್ಯೆ ಮಾತ್ರ ಬಗೆಹರಿದಿಲ್ಲ. ಎರಡನೇ ತರಗತಿಯಲ್ಲಿ ಒಬ್ಬಳು ಎಡಚಿ ಇದ್ದಾಳೆ. ಬಲಗೈಯವರು ಪ್ರಾಣಿ ಬರೆದರೆ ಮುಖ ಹೆಚ್ಚಾಗಿ ಎಡಕ್ಕೆ ಇರುತ್ತದೆ. ನಾನು ನೋಡಿದ ವಿಡಿಯೋಗಳಲ್ಲೆಲ್ಲ ಬಲಗೈಯೇ. ಇವಳ ಆನೆ ಬಲಕ್ಕೆ ನೋಡುತ್ತದೆ, ಪಕ್ಕದವರು "ಉಲ್ಟಾ, ಉಲ್ಟಾ" ಅಂತ ಕಾಡುತ್ತಾರೆ. ಅವಳಿಗೋಸ್ಕರ ಫೋನಿನಲ್ಲಿ ವಿಡಿಯೋವನ್ನು ಎಡಬಲ ತಿರುಗಿಸಿ ಹಾಕಿದೆ. ಟಿವಿಯಲ್ಲಿ ಎಡಗೈ ಬರೆಯುವುದನ್ನು ನೋಡಿ ಅವಳು ಜಾಗದಲ್ಲೇ ಎದ್ದು ನಿಂತಳು. ಆದರೆ ವಿಡಿಯೋದ ಕೊನೆಗೆ ಚಿತ್ರದ ಕೆಳಗೆ "ಆನೆ" ಅಂತ ಬರೆಯುತ್ತಾರಲ್ಲ, ಅದೂ ತಿರುಗಿತ್ತು. ಒಂದನೇ ತರಗತಿಯವರು ಅದನ್ನೂ ಹಾಗೆಯೇ ನೋಡಿ ಬರೆದರು. ಅಕ್ಷರ ತಿದ್ದಿಸಲು ಆ ವಾರವೆಲ್ಲ ಹೋಯ್ತು. ಅಕ್ಷರವೇ ಇಲ್ಲದ ವಿಡಿಯೋ ಯಾರಿಗಾದರೂ ಗೊತ್ತಿದ್ದರೆ ಹೇಳಿ.