ಚೆಕ್ಕರ್ ಪಾಸು ಮಾಡಿದರೂ ಕಿವಿಗೆ ದಕ್ಕದ ಕನ್ನಡ

ಪವರ್‌ಪಾಯಿಂಟಿನ ರಿವ್ಯೂ ಮೆನುವಿನಲ್ಲಿ ಅಂಗವಿಕಲರೂ ಕಡತವನ್ನು ಬಳಸಬಹುದೇ ಎಂದು ನೋಡುವ ‘ಚೆಕ್ ಆಕ್ಸೆಸಿಬಿಲಿಟಿ’ ಒತ್ತಿದರೆ ತಪ್ಪುಗಳ ಪಟ್ಟಿ ಬರುತ್ತದೆ. ಚಿತ್ರಕ್ಕೆ ವಿವರಣೆಯಿಲ್ಲ, ಸ್ಲೈಡಿಗೆ ಶೀರ್ಷಿಕೆಯಿಲ್ಲ ಎಂಬುದನ್ನೆಲ್ಲ ಅದು ಸರಿಯಾಗಿಯೇ ಹಿಡಿಯುತ್ತದೆ. ಆದರೆ ಇಡೀ ಪಾಠ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ ಅದಕ್ಕೆ ಪತ್ತೆಯೇ ಆಗುವುದಿಲ್ಲ. ಪರದೆಯ ಮೇಲೆ ‘ಕನ್ನಡ’ ಎಂದು ಕಂಡರೂ ಕಡತದೊಳಗೆ ಕೂತಿರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ಚಿಹ್ನೆ, ಕ್ಯೂ. ಕಣ್ಣು ಕಾಣದವರಿಗೆ ಪರದೆಯ ಬರಹವನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಓದುವುದು ಅದನ್ನೇ.

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಶಾಲೆ, ವಾಚನಾಲಯ, ದೇವಸ್ಥಾನ, ಯಕ್ಷಗಾನ ಸಂಘ ಯಾವುದರ ಕಡತ ತೆರೆದರೂ ಮೊದಲು ನೋಡಬೇಕಾದ್ದು ಇದನ್ನು. ಪರೀಕ್ಷೆ ಸುಲಭ. ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಿದ್ದರೆ ಅದು ಯುನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಬಗೆ. ಕಸ ಬಿದ್ದರೆ ಹಳೆಯ ಫಾಂಟು. ಇದು ಟೈಪಿಂಗ್ ತಂತ್ರಾಂಶದ ತಪ್ಪಲ್ಲ. ನುಡಿ, ಬರಹ ಎರಡರಲ್ಲೂ ಯುನಿಕೋಡ್ ಆಯ್ಕೆ ಇದೆ. ಕೀಲಿಮಣೆಯ ಅಭ್ಯಾಸ ಬದಲಿಸಬೇಕಾಗಿಯೂ ಇಲ್ಲ.

ಹಳೆಯ ಫಾಂಟಿನ ಬರಹವನ್ನು ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯುನಿಕೋಡಿಗೆ ಬದಲಿಸಬಹುದು. ಆದರೆ ನಡುವೆ ಇಂಗ್ಲಿಷ್ ಪದವಿದ್ದರೆ ಪರಿವರ್ತಕ ಅದನ್ನೂ ಕನ್ನಡದ ಸಂಕೇತವೆಂದೇ ತಿಳಿದು ಕಲಸುಮೇಲೋಗರ ಮಾಡುತ್ತದೆ. ಮಿಂಚಂಚೆ ವಿಳಾಸ, ಸೈಟಿನ ವಿಳಾಸಗಳನ್ನು ಮೊದಲೇ ತೆಗೆದಿಟ್ಟು ಆಮೇಲೆ ಸೇರಿಸಿ. ಅರ್ಕಾವೊತ್ತು, ಒತ್ತಕ್ಷರ ಇರುವ ಪದಗಳನ್ನು ಕಣ್ಣಿಟ್ಟು ಓದಿ. ಹೆಚ್ಚಾಗಿ ಎಡವುವುದು ಅಲ್ಲೇ.

ಎರಡನೆಯದು ಭಾಷೆಯ ಗುರುತು. ಈ ಗಡಿನಾಡಿನಲ್ಲಿ ಒಂದೇ ಪುಟದಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಇರುತ್ತವೆ, ನಡುನಡುವೆ ಕನ್ನಡ ಲಿಪಿಯ ತುಳು. ವೆಬ್ ಪುಟದ ಕೋಡಿನ ಮೊದಲ ಟ್ಯಾಗಿನಲ್ಲೇ ‘ಲ್ಯಾಂಗ್’ ಎಂಬ ಗುಣ ಇರುತ್ತದೆ. ಅದಕ್ಕೆ ಕನ್ನಡವಾದರೆ ‘ಕೆಎನ್’ ಎಂಬ ಎರಡಕ್ಷರ ಕೊಡಬೇಕು. ಎಲ್ಲಿಂದಲೋ ತಂದ ಟೆಂಪ್ಲೇಟಿನಲ್ಲಿ ಇಂಗ್ಲಿಷಿನ ‘ಇಎನ್’ ಹಾಗೇ ಉಳಿದಿದ್ದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿ ಹಿಡಿಯುತ್ತದೆ, ಕೆಲವು ದನಿಗಳು ಕನ್ನಡ ಬಂದಲ್ಲೆಲ್ಲ ಸುಮ್ಮನಾಗಿಬಿಡುತ್ತವೆ. ಪುಟದ ನಡುವೆ ಬರುವ ಮಲಯಾಳದ ಭಾಗಕ್ಕೆ ‘ಎಂಎಲ್’ ಎಂದು ಬೇರೆಯೇ ಗುರುತು ಬೇಕು. ತುಳುವಿನ ಸಂಕೇತ ‘ಟಿಸಿವೈ’. ಪವರ್‌ಪಾಯಿಂಟಿನಲ್ಲಾದರೆ ಆ ಸಾಲನ್ನು ಆರಿಸಿ, ರಿವ್ಯೂ, ಲ್ಯಾಂಗ್ವೇಜ್, ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್.

ಸ್ಲೈಡುಗಳಲ್ಲಿ ಎಲ್ಲರೂ ಮಾಡುವ ತಪ್ಪು, ಖಾಲಿ ಹಾಳೆಯ ಮೇಲೆ ಟೆಕ್ಸ್ಟ್ ಬಾಕ್ಸ್ ಎಳೆಯುತ್ತ ಹೋಗುವುದು. ವ್ಯೂ ಮೆನುವಿನಲ್ಲಿ ಔಟ್‌ಲೈನ್ ವ್ಯೂ ತೆರೆದು ನೋಡಿ: ಹಾಗೆ ಎಳೆದ ಪೆಟ್ಟಿಗೆಯ ಬರಹ ಅಲ್ಲಿ ಇರುವುದೇ ಇಲ್ಲ. ಲೇಔಟಿನಲ್ಲೇ ಇರುವ ಶೀರ್ಷಿಕೆಯ ಜಾಗವನ್ನೂ ವಿಷಯದ ಜಾಗವನ್ನೂ ಬಳಸಿ, ಪ್ರತಿ ಸ್ಲೈಡಿಗೂ ಬೇರೆ ಬೇರೆ ಶೀರ್ಷಿಕೆ ಕೊಡಿ. ಓದುವ ಕ್ರಮ ನೋಡಲು ಆಲ್ಟ್ ಮತ್ತು ಎಫ್10 ಒತ್ತಿ. ತೆರೆದುಕೊಳ್ಳುವ ಸೆಲೆಕ್ಷನ್ ಪೇನಿನಲ್ಲಿ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಶೀರ್ಷಿಕೆ ಎಲ್ಲಕ್ಕಿಂತ ಕೆಳಗಿರಬೇಕು. ಇದು ತಲೆಕೆಳಗೆಂದು ಅನ್ನಿಸುವುದು ಸಹಜ.

ಬಣ್ಣದ ವಿಷಯಕ್ಕೆ ಬಂದರೆ, ಬ್ರಹ್ಮಕಲಶೋತ್ಸವದ ಆಮಂತ್ರಣದಿಂದ ಕನ್ನಡ ಬಾವುಟದವರೆಗೆ ನಮಗೆ ಅರಿಸಿನ ಕುಂಕುಮವೇ ಬೇಕು. ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪು ಇಟ್ಟರೆ ಹೊಳಪಿನ ಅಂತರ ಸುಮಾರು 3.7ಕ್ಕೆ 1. ವೆಬ್ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ ಮಾಮೂಲು ಅಕ್ಷರಕ್ಕೆ ಕೇಳುವುದು 4.5ಕ್ಕೆ 1, 18 ಪಾಯಿಂಟ್ ಅಥವಾ ಅದಕ್ಕಿಂತ ದೊಡ್ಡದಕ್ಕೆ 3 ಸಾಕು. ಅಂದರೆ ತಲೆಬರಹ ಪಾಸು, ಕೆಳಗಿನ ಕಾರ್ಯಕ್ರಮ ಪಟ್ಟಿ ಫೇಲು. ಕೆಂಪನ್ನು ಮರೂನಿಗೆ ಇಳಿಸಿದರೆ ಅಂತರ 10 ದಾಟುತ್ತದೆ, ಕುಂಕುಮದ ಛಾಯೆಯೂ ಉಳಿಯುತ್ತದೆ. ಸ್ಲೈಡಿನಲ್ಲಿ 24 ಪಾಯಿಂಟಿಗಿಂತ ಚಿಕ್ಕ ಅಕ್ಷರ ಬೇಡ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಅಂತರ 1.3ರಷ್ಟಾದರೂ ಇರಲಿ.

ಆಮಂತ್ರಣ ಹೇಗೂ ಜೆಪಿಜಿ ಚಿತ್ರವಾಗಿಯೇ ಹರಿದಾಡುತ್ತದೆ. ಸೈಟಿನಲ್ಲಿ ಅದರ ವಿವರಣೆಗೆ ‘ಪೋಸ್ಟರ್’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವಾಗ, ಎಲ್ಲಿ, ಯಾರ ಭಾಗವತಿಕೆ, ಯಾವ ಪ್ರಸಂಗ, ಎಲ್ಲವೂ ಪುಟದಲ್ಲೇ ಬರಹವಾಗಿ ಬರಲಿ. ವಾಟ್ಸಾಪಿನಲ್ಲಾದರೆ ಚಿತ್ರದ ಕೆಳಗೆ ಟೈಪ್ ಮಾಡಿ. ‘ಪೂ.ಗಂ. 10-30’ ಎಂದರೆ ಯಂತ್ರ ತಡವರಿಸುತ್ತದೆ, ‘ಬೆಳಿಗ್ಗೆ 10.30ಕ್ಕೆ’ ಎನ್ನಿ.

ಪಿಡಿಎಫ್ ಬೇಕೇ ಬೇಕಾದರೆ ವರ್ಡಿನಲ್ಲಿ ಸೇವ್ ಆಸ್ ಮೂಲಕ ಮಾಡಿ. ‘ಪ್ರಿಂಟ್ ಟು ಪಿಡಿಎಫ್’ ಕೊಟ್ಟರೆ ಶೀರ್ಷಿಕೆ, ಪಟ್ಟಿಗಳ ಒಳಗುರುತೆಲ್ಲ ಅಳಿದುಹೋಗುತ್ತದೆ. ಅಷ್ಟಾದರೂ ಕನ್ನಡದ ಪಿಡಿಎಫ್‌ನಲ್ಲಿ ಸ್ವರಚಿಹ್ನೆಗಳು ಹಿಂದುಮುಂದಾಗುವುದುಂಟು. ಹಾಗಾಗಿ ಜೊತೆಗೆ ವರ್ಡ್ ಕಡತವನ್ನೋ ಸಾದಾ ವೆಬ್ ಪುಟವನ್ನೋ ಇಡಿ.

ಇನ್ನು ಪರೀಕ್ಷೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ, ವಿಂಡೋಸಿನಲ್ಲಿ ನಡೆಯುತ್ತದೆ. ಜೊತೆಗೇ ಬರುವ ಇಸ್ಪೀಕ್ ಎನ್‌ಜಿ ದನಿಗೆ ಕನ್ನಡ, ಮಲಯಾಳ ಎರಡೂ ಬರುತ್ತವೆ. ದನಿ ಒರಟು, ಆದರೆ ತಪ್ಪು ತೋರಿಸಲು ಧಾರಾಳ ಸಾಕು. ಸೈಟನ್ನು ತೆರೆದು ಎಚ್ ಒತ್ತುತ್ತ ಹೋದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬೇಕು. ಇನ್ಸರ್ಟ್ ಮತ್ತು ಎಫ್7 ಒತ್ತಿದರೆ ಕೊಂಡಿಗಳ ಪಟ್ಟಿ ಬರುತ್ತದೆ. ಅಲ್ಲಿ ‘ಇಲ್ಲಿ ಕ್ಲಿಕ್ ಮಾಡಿ’ ಎಂದು ಹತ್ತು ಸಲ ಕಂಡರೆ ಯಾವುದು ಯಾವುದೆಂದು ಯಾರಿಗೂ ತಿಳಿಯದು. ‘ಪಿಂಚಣಿ ಅರ್ಜಿ ನಮೂನೆ’ ಎಂದೇ ಕೊಂಡಿಗೆ ಹೆಸರಿಡಿ. ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಗೇರು ತೋಟಗಳ ಸುತ್ತಲ ಊರುಗಳಲ್ಲಿ ಇಂಥ ನಮೂನೆ ಹುಡುಕುವ ಮನೆಗಳು ಒಂದೆರಡಲ್ಲ.

ಆಮೇಲೆ ಮೌಸನ್ನು ಪಕ್ಕಕ್ಕಿಟ್ಟು ಟ್ಯಾಬ್ ಕೀಲಿಯಿಂದಲೇ ಅರ್ಜಿ ತುಂಬಿಸಿ ನೋಡಿ. ಎಲ್ಲಿದ್ದೇವೆಂದು ತೋರಿಸುವ ಚೌಕಟ್ಟು ಕಾಣದಿದ್ದರೆ ಡಿಸೈನರ್ ಚಂದಕ್ಕೆಂದು ಅದನ್ನು ತೆಗೆದಿರುತ್ತಾರೆ, ಮರಳಿ ಹಾಕಿಸಿ. ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಹಾಕುವ ಮುಂಚೆ ಆಫ್ ಮಾಡುವ ಬಗೆಯನ್ನೂ ತಿಳಿದುಕೊಳ್ಳಿ, ಏಕೆಂದರೆ ಅದು ಆನ್ ಆದರೆ ಫೋನ್ ಬಳಸುವ ಬಗೆಯೇ ಬದಲಾಗುತ್ತದೆ: ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಸರಿಸಲು ಎರಡು ಬೆರಳು ಬೇಕು.