ನೀಲಿ ಹಚ್ಚಿದರೆ ಹಸಿರಾಗುವ ಹಲಸು: ಎಂಟು ಪಟ್ಟಿಯ ಗೋಡೆ ಫಲಕ ಎಲ್ಲಿಗೆ ಬಂತು

ನಿನ್ನೆ ಸಂಜೆ ಶೆಡ್ಡಿನಲ್ಲಿ ಅಂಗೈ ಅಗಲದ ಒಂದು ಹಲಸಿನ ತುಂಡು ನೀಲಿಯಾಗಿತ್ತು. ಇವತ್ತು ಹಲ್ಲುಜ್ಜುವ ಮೊದಲೇ ಹೋಗಿ ನೋಡಿದೆ. ಇನ್ನೂ ನೀಲಿಯಾಗೇ ಇದೆ! ಇದರಲ್ಲೇನು ವಿಶೇಷ ಅನ್ನಬೇಡಿ. ಗೋಡೆ ಫಲಕದ ಬಣ್ಣಕ್ಕೆ ಪರೀಕ್ಷೆ ಮಾಡಿದ ಹನ್ನೊಂದನೇ ತುಂಡು ಇದು. ಹಿಂದಿನ ಹತ್ತರಲ್ಲಿ ಹೆಚ್ಚಿನವು ನೀಲಿಯಾಗಿ ಮಲಗಿ ಹಸಿರಾಗಿ ಎದ್ದವು, ಎರಡು ಸಿಪ್ಪೆ ಬಿಟ್ಟವು, ಒಂದು ಬೂದಿ ಬಳಿದ ಹಾಗಾಯಿತು.

ಈ ಫಲಕದ ಬಗ್ಗೆ ಕಳೆದ ಸಲ ಬರೆದಾಗ ಕತ್ತರಿಸುವ ಕೆಲಸದಲ್ಲಿ ನಿಲ್ಲಿಸಿದ್ದೆ. ಅದು ಮುಗಿಯಿತು. ಸ್ಕ್ರಾಲ್ ಸಾ ಗರಗಸದ ಬ್ಲೇಡು ಮುರಿಯಿತು, ಬೈದೆ, ಬೇರೆ ಹಾಕಿದೆ, ಅಷ್ಟೇ ಕಥೆ. ಹೊಸಬರಿಗಾಗಿ ಎರಡು ಮಾತು. ನಮ್ಮ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯ ಬುಡದಲ್ಲಿ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ ಅಂತ ಎಂಟು ಸಾಲು ಇದೆಯಲ್ಲ, ಅದೇ ಲೆಕ್ಕದಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಕಥೆಯನ್ನು ಎಂಟು ಪಟ್ಟಿಯಲ್ಲಿ ಕೂರಿಸುತ್ತಿದ್ದೇನೆ. ಒಂದೊಂದು ಪಟ್ಟಿ ಮೂರೂವರೆ ಅಡಿ ಉದ್ದ, ನಾಲ್ಕು ಇಂಚು ಅಗಲ. ಹಿನ್ನೆಲೆ ನೀಲಿ. ಅದರ ಮೇಲೆ ಅಂಟಿಸುವ ಆಟಗಾರರಿಗೆ ಬಣ್ಣವಿಲ್ಲ, ಹಲಸಿನದೇ ಹಳದಿ.

ತಳದ ಆನೆ ಸಾಲು 2013-14ರದ್ದು. 2013ರಲ್ಲಿ ಹುಟ್ಟಿದ ತಂಡ ಮೊದಲ ವರ್ಷವೇ ಆಗಿನ ದೇಶದ ದೊಡ್ಡ ಲೀಗ್ ಐ-ಲೀಗ್ ಗೆದ್ದುಬಿಟ್ಟಿತು. ಅದಕ್ಕೆ ಆನೆಯೇ ಸರಿ. ಮೇಲಕ್ಕೆ ಹೋದಂತೆ 2015ರ ಫೆಡರೇಷನ್ ಕಪ್, 2015-16ರ ಐ-ಲೀಗ್, 2017ರಲ್ಲಿ ಮತ್ತೆ ಫೆಡರೇಷನ್ ಕಪ್, 2018ರ ಸೂಪರ್ ಕಪ್, 2018-19ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್), 2022ರ ಡ್ಯುರಾಂಡ್ ಕಪ್. ಏಳಾಯಿತು. ಎಂಟನೆಯದು ಕಪ್ ಅಲ್ಲ, ಸೋಲು. ಏಷ್ಯಾದ ಕ್ಲಬ್ಬುಗಳು ಆಡುವ 2016ರ ಎಎಫ್‌ಸಿ ಕಪ್ ಫೈನಲ್. ದೋಹಾದಲ್ಲಿ ಇರಾಕಿನ ತಂಡದ ಎದುರು 0-1. ಆದರೆ ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಆ ಫೈನಲ್ ಮುಟ್ಟಿರಲಿಲ್ಲ. ಅದರ ಸೆಮಿಫೈನಲ್ ನೋಡಲು ಹಾಸನದಿಂದ ಬಸ್ ಹತ್ತಿ ಹೋಗಿದ್ದೆ. ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಮೊದಲು ಗೋಲು ತಿಂದದ್ದು ನಾವೇ. ಆಮೇಲೆ ಛೆಟ್ರಿ ಎರಡು, ಹುವಾನನ್ ಒಂದು, 3-1. ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ಮನೆಗೆ ಹೋಯಿತು. ಬೆಳಗಿನ ಜಾವ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಗಂಟಲಲ್ಲಿ ಸ್ವರವೇ ಇರಲಿಲ್ಲ. ಆ ಪಟ್ಟಿ ಬಿಡು ಅಂದರೆ ಹೇಗೆ ಬಿಡಲಿ?

ಸರಿ, ಮರದ ವಿಷಯ. ಆಲೂರಿನ ಅಜ್ಜಿ ಮನೆ ಕೆಡವಿದಾಗ ಹಲಸಿನ ಬಾಗಿಲು ನನ್ನ ಪಾಲಿಗೆ ಬಂದಿತ್ತು. ಹೊರಗೆ ಕಾಫಿ ಡಿಕಾಕ್ಷನ್ ಬಣ್ಣ. ಕೀಸುಳಿ ಹಾಕಿದರೆ ಒಳಗೆ ಅರಿಶಿನ ಕೊಂಬು ಮುರಿದ ಹಾಗೆ. ಎಷ್ಟು ಚೆಂದ ಅಂದುಕೊಂಡೆ. ಆ ಚೆಂದವೇ ತಲೆನೋವಾಯಿತು.

ಮೊದಲ ಪಟ್ಟಿಗೆ ಧೈರ್ಯವಾಗಿ ಮರ ಹೀರುವ ನೀರಿನ ನೀಲಿ ಬಣ್ಣ, ಅಂದರೆ ಸ್ಟೇನ್, ಒರೆಸಿದೆ. ಒದ್ದೆ ಇದ್ದಾಗ ಅದ್ಭುತ. ಬೆಳಿಗ್ಗೆ ನೋಡಿದರೆ ಕೆರೆ ಪಾಚಿ. ಮಗಳು ಬಂದು, "ಅಪ್ಪಾ, ಇದು ಬಗಾನ್ ಕಲರ್ ಅಲ್ವಾ?" ಅಂದಳು.

ಹೊಟ್ಟೆ ಉರಿಯಿತು ನೋಡಿ. ಕೋಲ್ಕತ್ತದ ಮೋಹನ್ ಬಗಾನ್ ತಂಡದ ಬಣ್ಣ ಹಸಿರು-ಮರೂನ್. 2015ರ ಮೇ 31ರಂದು ನಮ್ಮದೇ ಕಂಠೀರವದಲ್ಲಿ ಅವರ ಎದುರು ಐ-ಲೀಗಿನ ಕೊನೆಯ ಪಂದ್ಯ. ನಾವು ಗೆದ್ದರೆ ಕಪ್ ನಮ್ಮದು. 1-0 ಮುಂದಿದ್ದೆವು. 87ನೇ ನಿಮಿಷಕ್ಕೆ ಅವರ ಬೆಲ್ಲೋ ರಜಾಕ್ ತಲೆಯಿಟ್ಟ, 1-1. ಅವರಿಗೆ ಡ್ರಾ ಸಾಕಿತ್ತು, ಕಪ್ ಅವರದಾಯಿತು. 2023ರ ಐಎಸ್‌ಎಲ್ ಫೈನಲ್ಲು ಗೋವಾದಲ್ಲಿ, 2-2 ಆಗಿ ಪೆನಾಲ್ಟಿಯಲ್ಲಿ ಅವರಿಗೇ ಹೋಯಿತು. 2025ರ ಫೈನಲ್ಲಿನಲ್ಲೂ ಮೊದಲು ಮುಂದಿದ್ದದ್ದು ನಾವು. ಹೆಚ್ಚುವರಿ ಸಮಯದಲ್ಲಿ 1-2. ಮಧ್ಯೆ 2017ರಲ್ಲಿ ಕಟಕ್‌ನಲ್ಲಿ ಅವರ ಎದುರೇ ನಮ್ಮ ವಿನೀತ್ ಹೆಚ್ಚುವರಿ ಸಮಯದಲ್ಲಿ ಎರಡು ಹೊಡೆದು ಫೆಡರೇಷನ್ ಕಪ್ ಕಿತ್ತುಕೊಟ್ಟ, ಅದೊಂದೇ ಸಮಾಧಾನ. ಇಷ್ಟಾದ ಮೇಲೆ ನನ್ನ ಗೋಡೆ ಮೇಲೂ ಹಸಿರೇ ಗೆಲ್ಲಬೇಕಾ?

ಕೆಳಗೆ ಬಿಳಿ ಕೊಟ್ಟರೆ ಸರಿಹೋಗುತ್ತೆ ಅಂದುಕೊಂಡು ಎರಡನೇ ತುಂಡಿಗೆ ಎಮಲ್ಷನ್ ಬಳಿದೆ. ಒಣಗುತ್ತಾ ಒಣಗುತ್ತಾ ಮಜ್ಜಿಗೆಹುಳಿ ಬಣ್ಣಕ್ಕೆ ತಿರುಗಿತು. ಎರಡು ಕೋಟ್, ಮೂರು ಕೋಟ್, ಊಹೂಂ. ಪೇಂಟ್ ಕೆಟ್ಟಿದೆ ಅಂತ ಅಂಗಡಿಯವನ ಹತ್ತಿರ ಜಗಳಕ್ಕೂ ಹೋಗಿ ಬಂದೆ. ಇದೊಂದರಲ್ಲಿ ಪಾಪ ಅವನ ತಪ್ಪಿರಲಿಲ್ಲ.

ಗುಟ್ಟು ಗೊತ್ತಾದದ್ದು ಬ್ರಶ್ ತೊಳೆಯುವ ಮಗ್ಗಿನಿಂದ. ರಾತ್ರಿ ಅದರೊಳಗೆ ಒಂದು ಹಿಡಿ ಹೊಟ್ಟು ಬಿದ್ದಿತ್ತು. ಬೆಳಿಗ್ಗೆ ನೀರು ಹಳದಿ. ಬೆರಳಿಟ್ಟೆ, ಉಗುರಿನ ಅಂಚು ಹಳದಿ. ಹಳೇ ಪಂಚೆಯ ತುಂಡು ಅದ್ದಿ ಒಣಗಿಸಿದೆ, ಕಾವಿಗೆ ಹತ್ತಿರದ ಬಣ್ಣ ಬಂತು. ಆಗ ತಲೆಗೆ ಹೊಳೆಯಿತು. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದದ್ದೇ ಹಲಸಿನ ಚಕ್ಕೆ ಕುದಿಸಿ! ನಾನು ನೀರಿನ ಬಣ್ಣ ಹಚ್ಚಿದಾಗಲೆಲ್ಲ ಮರದೊಳಗಿನ ಹಳದಿ ಆ ನೀರಲ್ಲಿ ಕರಗಿ ಮೇಲೆ ಬರುತ್ತಿತ್ತು. ನೀಲಿಗೆ ಹಳದಿ ಸೇರಿದರೆ ಏನಾಗುತ್ತೆ ಅಂತ ನನ್ನ ಮಗಳಿಗೆ ಯುಕೆಜಿಯಲ್ಲೇ ಗೊತ್ತಿತ್ತು.

ಅಮ್ಮ ಅವಳ ಔಷಧಿ ಹೇಳಿದಳು. "ಬಿಳಿ ಬಟ್ಟೆ ಹಳದಿಯಾದರೆ ನೀಲಿ ಹಾಕಲ್ವೇನೋ? ಬಿಳಿ ಪೇಂಟಿಗೂ ಎರಡು ತೊಟ್ಟು ಬಿಡು." ಬಟ್ಟೆಗೆ ಹಾಕುವ ನೀಲಿಯನ್ನು ಎರಡು ತೊಟ್ಟು ಬಿಟ್ಟೆ. ಬಿಳಿ ನಿಜಕ್ಕೂ ಬೆಳ್ಳಗಾಯಿತು. ಮೂರು ದಿನ. ನಾಲ್ಕನೇ ದಿನ ಹಳದಿ ಮತ್ತೆ ಹಾಜರ್. ಆದರೂ ಅಮ್ಮನ ತೊಟ್ಟು ಬಿಟ್ಟಿಲ್ಲ, ಈಗಲೂ ಹಾಕುತ್ತಿದ್ದೇನೆ.

ಅಂದರೆ ಹಳದಿಗೆ ಬಾಗಿಲು ಹಾಕಬೇಕು. ನೀರಿಗೆ ಕರಗದ್ದು ಯಾವುದಾದರೂ ಮಧ್ಯೆ ಬೇಕು. ಶೆಲ್ಯಾಕ್, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವ ಅರಗಿನ ಚಕ್ಕೆ. ಮೇಣ ತೆಗೆದದ್ದೇ ಆಗಬೇಕು, ಇಲ್ಲದಿದ್ದರೆ ಮೇಲಿನ ನೀರಿನ ಬಣ್ಣ ಹಿಡಿಯುವುದಿಲ್ಲ, ನಿಮಗೆ ಗೊತ್ತಿರುವುದೇ. ಆನ್‌ಲೈನಲ್ಲಿ ತರಿಸಿದೆ. 'ಫ್ರೆಶ್, ಮೇಣರಹಿತ' ಅಂತ ಇತ್ತು. ಬಂದದ್ದು ಬೆಲ್ಲದ ಅಚ್ಚು. ಚಕ್ಕೆಗಳೆಲ್ಲ ಸೆಕೆಗೆ ಒಂದಕ್ಕೊಂದು ಅಂಟಿ ಗಟ್ಟಿ. ಸುತ್ತಿಗೆಯಲ್ಲಿ ಕುಟ್ಟಿ ಸ್ಪಿರಿಟ್‌ಗೆ ಹಾಕಿದೆ. ಮೂರು ದಿನ ಕಳೆದರೂ ತಳದಲ್ಲಿ ಲೋಳೆ. ಹಳೇ ಮಾಲು, ಕರಗುವ ವಯಸ್ಸು ದಾಟಿತ್ತು. ದುಡ್ಡು ವಾಪಸ್ ಕೇಳಿದ್ದಕ್ಕೆ "ಪ್ಯಾಕ್ ಒಡೆದಿದೆ, ಆಗಲ್ಲ" ಅಂದರು. ಒಡೆಯದೆ ಒಳಗೇನಿದೆ ಅಂತ ನೋಡೋದು ಹೇಗೆ ಸ್ವಾಮಿ? ಅದನ್ನೇ ಸೋಸಿ ಹಚ್ಚಿದ ತುಂಡು ಎರಡು ದಿನವಾದರೂ ಅಂಟಂಟು. ನೊಣ ಕೂತು ಹೋಯಿತು, ಕಾಲಿನ ಗುರುತು ಇನ್ನೂ ಇದೆ.

ಕೊನೆಗೆ ಪರಿಚಯದ ಪಾಲಿಶ್ ಮೇಸ್ತ್ರಿ ತಮ್ಮ ಡಬ್ಬದಿಂದ ನೂರು ಗ್ರಾಂ ಚಕ್ಕೆ ಸುಮ್ನೆ ಕೊಟ್ಟರು. ಒಳ್ಳೆ ಮಾಲು, ಆದರೆ ಮೇಣ ಇರುವಂಥದ್ದು. ಅರ್ಧ ಲೀಟರ್ ಸ್ಪಿರಿಟ್‌ಗೆ ಹಾಕಿದೆ, ಕರಗಿತು, ಹಚ್ಚಿದೆ. ಮೇಲಿನ ಬಿಳಿ ಬಿಸಿಲಿಗೆ ಸುಟ್ಟ ಮೈಯ ಸಿಪ್ಪೆ ಥರ ಎದ್ದು ಬಂತು. ಹೋಗಿ ಹೇಳಿದೆ. "ಸರ್, ಬಾಟ್ಲಿ ಅಲ್ಲಾಡಿಸಬೇಡಿ. ಎರಡು ದಿನ ಬಿಡಿ. ಮೇಣ ಕೆಳಗೆ ಕೂರುತ್ತೆ, ಮೇಲಿನ ತಿಳಿ ಮಾತ್ರ ತಗೊಳ್ಳಿ" ಅಂದರು. ಸಾರಿನ ತಿಳಿ ತೆಗೆದ ಹಾಗೆ! ಮೆಡಿಕಲ್ ಶಾಪಿಂದ ದೊಡ್ಡ ಸಿರಿಂಜ್ ತಂದು ಮೇಲಿನ ಜೇನು ಬಣ್ಣದ ತಿಳಿ ಎಳೆದುಕೊಂಡೆ. ಕೆಳಗೆ ಒಂದಿಂಚು ಹಾಲಿನಂಥ ಗಸಿ ಉಳಿಯಿತು.

ಇಷ್ಟರಲ್ಲಿ ಆಷಾಢದ ಮಳೆ ಶುರು. ಹನಿಯುತ್ತಿರುವಾಗ ಹಚ್ಚಿದ್ದು ನನ್ನ ದಡ್ಡತನ. ಒಂದು ತುಂಡು ಪೂರ್ತಿ ಬೂದಿ ಬೂದಿ. ಸ್ಪಿರಿಟ್ ಒರಸಿದ ಬಟ್ಟೆಯಲ್ಲಿ ಮೆಲ್ಲಗೆ ತೀಡಿದ ಮೇಲೆ ಸ್ವಲ್ಪ ತಿಳಿಯಾಯಿತು.

ಶೆಡ್ಡಿನಲ್ಲಿ ಬಿಸಿಲು ಕಾಯುತ್ತಾ ಕೂತಾಗ ಏನು ಮಾಡ್ತೀರಿ? ಮುಂದಿನ ಕೆಲಸದ ಚಿತ್ರ ಬರೆಯೋದು. ಟೇಬಲ್ ಫುಟ್‌ಬಾಲ್! ಸಕಲೇಶಪುರದ ಕಡೆ ಹಳೇ ಕಾಫಿ ಗಿಡ ಕಿತ್ತಾಗ ಬರುವ ಬೊಡ್ಡೆಗಳಿವೆಯಲ್ಲ, ಆ ಮರ ಗಟ್ಟಿ, ನುಣುಪು. ಲೇತಿನಲ್ಲಿ ಇಪ್ಪತ್ತೆರಡು ಆಟಗಾರರನ್ನು ತಿರುಗಿಸಬೇಕು. ಎಂಟು ಸರಳು, 16 ಮಿ.ಮೀ. ಪೈಪು. ಒಂದೊಂದು ತಂಡಕ್ಕೂ ಗೋಲ್‌ಕೀಪರ್ ಒಬ್ಬ, ಹಿಂದೆ ಇಬ್ಬರು, ನಡುವೆ ಐವರು, ಮುಂದೆ ಮೂವರು. ಛೆಟ್ರಿ ಮಧ್ಯದವನು, ವಾದವೇ ಇಲ್ಲ. ಕಾಫಿ ಮರ ಒಣಗುವಾಗ ಸೀಳುತ್ತೆ, ಅದಕ್ಕೆ ತುದಿಗೆ ಮೇಣ ಬಳಿದು ಈಗಲೇ ಆರು ಬೊಡ್ಡೆ ಅಟ್ಟಕ್ಕೆ ಹಾಕಿದ್ದೇನೆ. ಹೆಂಡತಿಗೆ ಸೌದೆ ಅಂತ ಹೇಳಿದ್ದೇನೆ. ನಿಮ್ಮಲ್ಲಿ ಯಾರಾದರೂ ಕಾಫಿ ಮರ ಲೇತಿಗೆ ಹಾಕಿದ್ದರೆ ಎಷ್ಟು ತಿಂಗಳು ಕಾದಿರಿ ಹೇಳಿ.

ಮಳೆ ಬಿಡುವು ಕೊಟ್ಟ ದಿನ ಹತ್ತನೇ ತುಂಡು. ತಿಳಿ ಶೆಲ್ಯಾಕ್ ತೆಳ್ಳಗೆ ಎರಡು ಸಲ. ಒಂದು ರಾತ್ರಿ ಬಿಟ್ಟು, 320ರ ಸ್ಯಾಂಡ್ ಪೇಪರ್ ಸವರಿ, ಅಮ್ಮನ ತೊಟ್ಟು ಸೇರಿದ ಬಿಳಿ. ಬಿಳಿ ಬಿಳಿಯಾಗೇ ಉಳಿಯಿತು. ಒಂದು ವಾರ ಕಾದೆ, ಆಗಲೂ ಬಿಳಿ. ಮೇಲೆ ಅಕ್ರಿಲಿಕ್ ನೀಲಿ, ನೀರು ಜಾಸ್ತಿ ಮಾಡಿ. ನೀಲಿ! ಕುಣಿದೆ. ಕುಣಿದ ಖುಷಿಯಲ್ಲಿ ಮೂಲೆಯಲ್ಲಿದ್ದ ಹಳೇ ಎಣ್ಣೆ ಪಿಯು (ಪಾಲಿಯುರೆಥೇನ್ ವಾರ್ನಿಷ್) ಡಬ್ಬ ತೆಗೆದು ಮೇಲೊಂದು ಕೋಟ್ ಎಳೆದುಬಿಟ್ಟೆ. ಕಣ್ಣೆದುರೇ ಹಸಿರಿಗೆ ತಿರುಗಿತು. ಎಣ್ಣೆ ಪಿಯು ಎಳ್ಳೆಣ್ಣೆ ಬಣ್ಣ ಅಂತ ಇಪ್ಪತ್ತು ವರ್ಷದಿಂದ ಗೊತ್ತು ನನಗೆ. ಕೆಳಗಿನ ಹಳದಿಗೆ ಬಾಗಿಲು ಹಾಕಿ ಮೇಲಿಂದ ನಾನೇ ಹಳದಿ ಸುರಿದೆ. 87ನೇ ನಿಮಿಷ ಅಂದರೆ ಇದೇ.

ಹನ್ನೊಂದಕ್ಕೆ ವಾಟರ್ ಬೇಸ್ ಕ್ಲಿಯರ್ ಕೋಟ್. ಅದೇ ಈಗ ಮೇಜಿನ ಮೇಲಿರುವ ತುಂಡು. ಒಂದು ಒಪ್ಪಿಕೊಳ್ಳಬೇಕು, ಮರದ ಗೆರೆ ಅರ್ಧ ಮುಚ್ಚಿಹೋಗಿದೆ. ಓರೆಯಾಗಿ ಹಿಡಿದರೆ ಮಾತ್ರ ಸಣ್ಣ ಸಣ್ಣ ಗೀರು ಕಾಣುತ್ತವೆ. ಆಟಗಾರರಲ್ಲಿ ಗೆರೆ ಪೂರ್ತಿ ಕಾಣುತ್ತೆ, ಅಷ್ಟು ಸಾಕು.

ಭಾವ ಬಂದಿದ್ದರು. ಹಸಿರಾದ ಮೊದಲ ಪಟ್ಟಿ ನೋಡಿ, "ಇದನ್ನ ಹಾಗೇ ಇಟ್ಟು ಸೋತ ಫೈನಲ್ಲಿಗೆ ಹಾಕಪ್ಪ, ಅರ್ಥವೂ ಇರುತ್ತೆ" ಅಂದರು. ದೋಹಾದಲ್ಲಿ ಸೋಲಿಸಿದ್ದು ಬಗಾನ್ ಅಲ್ಲ ಭಾವ ಅಂದೆ. ಅವರು ಹೋದ ಮೇಲೆ 80ರ ಪೇಪರ್ ತಗೊಂಡು ಆ ಪಟ್ಟಿಯನ್ನು ಹಳದಿ ಕಾಣುವ ತನಕ ಉಜ್ಜಿದೆ.

ಈಗ ಎಂಟೂ ಪಟ್ಟಿಗೆ ಶೆಲ್ಯಾಕ್ ಆಗಿದೆ. ನಾಳೆ ಬಿಸಿಲಿದ್ದರೆ ಬಿಳಿ. ಕ್ಲಿಯರ್ ಕೋಟ್ ಅರ್ಧ ಡಬ್ಬವೂ ಇಲ್ಲ, ಇನ್ನೊಂದು ಹೇಳಿದ್ದೇನೆ. ಅಂಗಡಿಯವನು "ಅದೂ ಇದೂ ಒಂದೇ ಸರ್" ಅಂತ ಮತ್ತೆ ಎಣ್ಣೆದು ಕೊಡದಿದ್ದರೆ ಸಾಕು.